ಜೋಡಿ ಎಂಜಿನುಗಳು

ಗೋವೆಯ ಕುಳೆಂ ನಿಲ್ದಾಣದಿಂದ ಉತ್ತರ ಕನ್ನಡ ಜಿಲ್ಲೆಯ ಕ್ಯಾಸಲ್‌ರಾಕ್‌ಗೆ ಏರುವ ರೈಲುಹಾದಿ ಬಹು ಕಡಿದಾದುದು. ಅಲ್ಲಿ 37 ಅಡಿ ಸಾಗುವಷ್ಟರಲ್ಲಿ ಹಳಿಯು ಒಂದು ಅಡಿ ಮೇಲೇರಿರುತ್ತದೆ. ಭಾರವಾದ ಗಾಡಿಯನ್ನು ಒಂದೇ ಎಂಜಿನು ಈ ಘಟ್ಟದ ಮೇಲಕ್ಕೆ ಎಳೆಯಲಾರದು. ಆದುದರಿಂದ ಹೆಚ್ಚಿನ ಎಂಜಿನುಗಳನ್ನು ಜೋಡಿಸಿ, ಕೆಲವು ಮುಂದಿನಿಂದ ಎಳೆಯುವಂತೆಯೂ ಕೆಲವು ಹಿಂದಿನಿಂದ ತಳ್ಳುವಂತೆಯೂ ಏರ್ಪಡಿಸುತ್ತಾರೆ. ಈ ಎಂಜಿನುಗಳ ವಯಸ್ಸು ಒಂದೇ ಅಲ್ಲ. ಗಾಲಿಗಳ ಸವೆತವೂ ಒಂದೇ ಬಗೆಯದಲ್ಲ. ಆದರೂ ಅವು ಹೊಂದಿಕೊಂಡು ನಡೆಯುತ್ತವೆ.

ಇದೇ ದೃಶ್ಯವನ್ನು ಮೇಜಿನ ಮೇಲೆ ಮೂಡಿಸಹೊರಟವರಿಗೆ ಒಂದು ವಿಚಿತ್ರವಾದ ತೊಡಕು ಎದುರಾಗುತ್ತದೆ. ಮಾದರಿ ರೈಲುಗಳನ್ನು ಕಟ್ಟಿ ಓಡಿಸುವುದು ಯುರೋಪು, ಅಮೆರಿಕಗಳಲ್ಲಿ ದೊಡ್ಡವರೂ ಶ್ರದ್ಧೆಯಿಂದ ನಡೆಸುವ ಹವ್ಯಾಸ. ನಿಜವಾದ ರೈಲಿನ 87ನೆಯ ಒಂದು ಪಾಲಿನಷ್ಟು ಗಾತ್ರದ ಮಾದರಿಗಳು ಹೆಚ್ಚು ಬಳಕೆಯಲ್ಲಿವೆ. ಅಂಗೈಗಿಂತ ಸ್ವಲ್ಪವೇ ಉದ್ದವಾದ ಇಂಥ ಎರಡು ಎಂಜಿನುಗಳನ್ನು ಕೊಂಡಿ ಹಾಕಿ ಹೊರಡಿಸಿದರೆ, ಎರಡರ ಬಲವೂ ಕೂಡುವುದಿರಲಿ, ಕೆಲವೊಮ್ಮೆ ಗಾಡಿ ಹಳಿಯನ್ನೇ ಬಿಟ್ಟುಬಿಡುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು.

ಹೀಗಾಗಲು ಕಾರಣವೇನು? ನಿಜವಾದ ಡೀಸೆಲ್ ಎಂಜಿನಿನಲ್ಲಿ ಚಾಲಕನು ನಿಯಂತ್ರಿಸುವುದು ಮುಖ್ಯವಾಗಿ ಶಕ್ತಿಯನ್ನು, ವೇಗವನ್ನಲ್ಲ. ಗಾಲಿಗಳನ್ನು ತಿರುಗಿಸುವ ಮೋಟಾರುಗಳ ಎಳೆತವು ವೇಗ ಏರಿದಂತೆ ತಗ್ಗುತ್ತದೆ, ವೇಗ ತಗ್ಗಿದಂತೆ ಹೆಚ್ಚುತ್ತದೆ. ಹೀಗಾಗಿ ಜೊತೆಯ ಎಂಜಿನುಗಳ ನಡುವೆ ಹೊರೆಯು ಬಹುಮಟ್ಟಿಗೆ ತಾನಾಗಿಯೇ ಹಂಚಿಹೋಗುತ್ತದೆ. ಪುಟ್ಟ ಮಾದರಿಯಲ್ಲಿ ಈ ಅನುಕೂಲವಿಲ್ಲ. ಅದರ ಮೋಟಾರಿನ ವೇಗವನ್ನು ಬಹುಮಟ್ಟಿಗೆ ವೋಲ್ಟೇಜೇ ಗೊತ್ತುಪಡಿಸುತ್ತದೆ. ಅಲ್ಲದೆ ಮೋಟಾರಿಗೂ ಗಾಲಿಗೂ ನಡುವೆ ಸಾಮಾನ್ಯವಾಗಿ ಒಂದು ತಿರುಪೂ ಹಲ್ಲುಚಕ್ರವೂ ಇರುತ್ತವೆ. ತಿರುಪು ಹಲ್ಲುಚಕ್ರವನ್ನು ತಿರುಗಿಸಬಲ್ಲದು. ಆದರೆ ಹಲ್ಲುಚಕ್ರವು ತಿರುಪನ್ನು ತಿರುಗಿಸಲಾರದು. ಅಂಥ ಎಂಜಿನನ್ನು ಕೈಯಿಂದ ನೂಕಿ ನೋಡಿದರೆ ಗಾಲಿಗಳು ಉರುಳುವುದಿಲ್ಲ, ಹಳಿಯ ಮೇಲೆ ಜಾರುತ್ತವೆ. ಆದ್ದರಿಂದ ಜೋಡಿಯಲ್ಲಿ ನಿಧಾನವಾದ ಎಂಜಿನು ವೇಗದ ಎಂಜಿನಿಗೆ ಸಹಾಯಕನಾಗುವ ಬದಲು ಬಿರಿಯಂತೆ ಕೆಲಸ ಮಾಡುತ್ತದೆ. ವ್ಯತ್ಯಾಸ ಅತ್ಯಲ್ಪವಾಗಿದ್ದರೆ ಗಾಲಿಗಳು ತುಸು ಜಾರಿ ಸರಿದೂಗಿಸುತ್ತವೆ. ಹಿಡಿತಕ್ಕಾಗಿ ಗಾಲಿಗಳಿಗೆ ರಬ್ಬರ್ ಪಟ್ಟಿ ತೊಡಿಸಿದ್ದರೆ ಆ ಜಾರುವಿಕೆಗೂ ಆಸ್ಪದವಿಲ್ಲ. ಮೋಟಾರುಗಳು ವ್ಯರ್ಥವಾಗಿ ಬಿಸಿಯಾಗುತ್ತವೆ.

ಬಹುಕಾಲ ಇದಕ್ಕೆ ಸುಲಭವಾದ ಪರಿಹಾರವಿರಲಿಲ್ಲ. ಹಳಿಯಲ್ಲಿ ಹರಿಯುವ ವಿದ್ಯುತ್ತು ಎಲ್ಲ ಎಂಜಿನುಗಳಿಗೂ ಒಂದೇ ಆಗಿದ್ದುದರಿಂದ, ಒಂದೇ ಸ್ವಭಾವದ ಎಂಜಿನುಗಳನ್ನು ಹುಡುಕಿ ಜೊತೆಗೂಡಿಸಬೇಕಾಗಿತ್ತು. 1990ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾದರಿ ರೈಲ್ವೆ ಸಂಘವು ಜರ್ಮನಿಯ ಲೆನ್ಜ್ ಸಂಸ್ಥೆಯ ವಿಧಾನವನ್ನು ಆಧರಿಸಿ ಅಂಕೀಯ ನಿಯಂತ್ರಣದ ನಿಯಮಗಳನ್ನು ರೂಪಿಸಿತು. ಈ ಪದ್ಧತಿಯಲ್ಲಿ ಪ್ರತಿ ಎಂಜಿನಿನ ಒಡಲಲ್ಲಿಯೂ ಡಿಕೋಡರ್ ಎಂಬ ಸಣ್ಣ ಫಲಕವಿರುತ್ತದೆ. ಅದರಲ್ಲಿ ಅಂಕೆಗಳನ್ನು ಬರೆದಿಡುವ ಮನೆಗಳಿವೆ; ಒಂದೊಂದರಲ್ಲಿಯೂ ಸೊನ್ನೆಯಿಂದ 255ರವರೆಗಿನ ಬೆಲೆಯನ್ನು ಇಡಬಹುದು. ಎರಡನೆಯ ಮನೆಯ ಬೆಲೆ ಹೊರಡುವಾಗಿನ ವೋಲ್ಟೇಜನ್ನೂ, ಐದನೆಯದು ಗರಿಷ್ಠ ವೇಗವನ್ನೂ, ಆರನೆಯದು ನಡುವಣ ವೇಗವನ್ನೂ ನಿರ್ಧರಿಸುತ್ತದೆ. ಇನ್ನೂ ನಯವಾಗಿ ಹೊಂದಿಸಬಯಸುವವರಿಗೆ 67ರಿಂದ 94ರವರೆಗೆ 28 ಮೆಟ್ಟಿಲುಗಳ ಒಂದು ಪಟ್ಟಿಯೇ ಇದೆ.

ಹೊಂದಿಸುವ ಕೆಲಸ ತಾಳ್ಮೆಯನ್ನು ಬೇಡುತ್ತದೆ. ಮೊದಲು ಎಂಜಿನುಗಳನ್ನು ಕಾಲುಗಂಟೆ ಓಡಿಸಿ ಬೆಚ್ಚಗಾಗಿಸಬೇಕು. ತಣ್ಣಗಿರುವಾಗ ಗ್ರೀಸು ಗಟ್ಟಿಯಾಗಿದ್ದು ವೇಗದ ಅಳತೆ ತಪ್ಪುತ್ತದೆ. ವೇಗವನ್ನು ಮೆಲ್ಲನೆ ಏರಿಸಿ ಇಳಿಸುವ ಮೂರನೆಯ ಮತ್ತು ನಾಲ್ಕನೆಯ ಮನೆಗಳನ್ನು ಸೊನ್ನೆಗೆ ಇಳಿಸಬೇಕು. ಅನಂತರ ಎಲ್ಲಕ್ಕಿಂತ ನಿಧಾನವಾದ ಎಂಜಿನನ್ನು ಪ್ರಮಾಣವಾಗಿ ಆರಿಸಿಕೊಳ್ಳಬೇಕು. ವೇಗದ ಎಂಜಿನನ್ನೇ ಏಕೆ ಆರಿಸಬಾರದೆಂದು ಕೇಳಬಹುದು. ವೇಗವಾಗಿ ಓಡುವುದನ್ನು ತಡೆಯುವುದು ಸಾಧ್ಯ. ನಿಧಾನವಾದುದನ್ನು ಅದರ ಮೋಟಾರಿನ ಶಕ್ತಿಗೆ ಮೀರಿ ಓಡಿಸುವುದು ಸಾಧ್ಯವಿಲ್ಲ.

ಆ ಬಳಿಕ ಎರಡು ಎಂಜಿನುಗಳನ್ನೂ ಕೊಂಡಿ ಹಾಕದೆ, ಒಂದಡಿ ಅಂತರದಲ್ಲಿ, ವರ್ತುಲಾಕಾರದ ಹಳಿಯ ಮೇಲೆ ಓಡಿಸುತ್ತಾರೆ. ಒಂದು ಸುತ್ತು ಮುಗಿಯುವಾಗ ಅಂತರ ಕಿರಿದಾಗಿದ್ದರೆ ಹಿಂದಿನದು ಚುರುಕು, ಹಿರಿದಾಗಿದ್ದರೆ ಮುಂದಿನದು ಚುರುಕು. ಅದಕ್ಕನುಸಾರವಾಗಿ ಬೆಲೆಗಳನ್ನು ತಿದ್ದುತ್ತಾರೆ. ನಿಜವಾದ ವೇಗಕ್ಕೆ ಹೋಲಿಸಿ ನೋಡಬಯಸುವವರು ಗಡಿಯಾರವನ್ನೂ ಹಿಡಿಯುವುದುಂಟು: ಗಂಟೆಗೆ 60 ಕಿಲೋಮೀಟರ್ ವೇಗವನ್ನು ಅನುಕರಿಸಬೇಕಾದರೆ ಈ ಮಾದರಿಯು ಎರಡು ಮೀಟರ್ ದೂರವನ್ನು ಸುಮಾರು 10.4 ಸೆಕೆಂಡುಗಳಲ್ಲಿ ಕ್ರಮಿಸಬೇಕು. ಮುಮ್ಮುಖವಾಗಿ ಸರಿಹೋದ ಜೋಡಿ ಹಿಮ್ಮುಖವಾಗಿ ಸರಿಹೋಗದಿರುವುದೂ ಉಂಟು. ಅದನ್ನು 66 ಮತ್ತು 95ನೆಯ ಮನೆಗಳಲ್ಲಿ ತಿದ್ದಲು ಸಾಧ್ಯವಿದೆ.

ಕೊನೆಯ ಪರೀಕ್ಷೆ ನಡೆಯುವುದು ತಿರುವಿನಲ್ಲಿ. ಘಟ್ಟದ ಗಾಡಿಯಲ್ಲಿದ್ದಂತೆ ಒಂದು ಎಂಜಿನನ್ನು ಮುಂದೆ, ಇನ್ನೊಂದನ್ನು ಹಿಂದೆ ನಿಲ್ಲಿಸಿ ನಡುವೆ ಖಾಲಿ ಗಾಡಿಗಳನ್ನು ಪೋಣಿಸುತ್ತಾರೆ. ಹಿಂದಿನದು ಹೆಚ್ಚು ವೇಗವಾಗಿದ್ದರೆ ನಡುವಣ ಹಗುರವಾದ ಗಾಡಿಗಳು ತಿರುವಿನ ಹೊರಕ್ಕೆ ನೂಕಲ್ಪಡುತ್ತವೆ; ನಿಧಾನವಾಗಿದ್ದರೆ ಹಗ್ಗ ಬಿಗಿದಂತಾಗಿ ಒಳಕ್ಕೆ ವಾಲುತ್ತವೆ. ಎರಡೂ ಆಗದೆ, ಕೊಂಡಿಗಳು ಜಗ್ಗದೆ, ಖಾಲಿ ಗಾಡಿಗಳೂ ಹಳಿಯ ಮೇಲೆ ನೆಟ್ಟಗೆ ಉರುಳಿ ತಿರುವನ್ನು ದಾಟಿದರೆ, ಡಿಕೋಡರಿನ ಬೆಲೆಗಳನ್ನು ಇನ್ನು ಮುಟ್ಟಬೇಕಾಗಿಲ್ಲ.