ದೀಪಾವಳಿ ಮುಗಿಸಿ ಹೊರಡುವ ಮುನ್ನ

"ದೀಪಾವಳಿ ಆಗಲಿ, ಲಕ್ಷ್ಮೀಪೂಜೆ ಮುಗಿಸಿಕೊಂಡು ಹೋಗಪ್ಪ" ಎಂದು ಪರದೇಶಕ್ಕೆ ಹೊರಟ ಮಗನಿಗೆ ಹೇಳದ ತಾಯಿ ನಮ್ಮ ಸಮಾಜದಲ್ಲಿ ವಿರಳ. ಬೆಳಗ್ಗೆ ಬಸದಿಯಲ್ಲಿ ನಿರ್ವಾಣೋತ್ಸವ, ಸಂಜೆ ಅಂಗಡಿಯಲ್ಲಿ ಹೊಸ ಖಾತೆಪುಸ್ತಕದ ಪೂಜೆ. ಇಷ್ಟನ್ನು ಕಣ್ತುಂಬ ನೋಡಿ ಹೊರಡಲಿ ಎಂಬುದು ಆಕೆಯ ಆಸೆ. ಈ ಮಾತಿಗೂ ಆದಾಯ ತೆರಿಗೆಗೂ ಏನು ಸಂಬಂಧ ಎಂದು ಓದುಗ ಬಂಧುಗಳು ಕೇಳಬಹುದು. ಸಂಬಂಧವಿದೆ. ಆ ಕೆಲವು ವಾರಗಳ ತಡ ಲಕ್ಷಾಂತರ ರೂಪಾಯಿಯ ತೆರಿಗೆಯಾಗಿ ಮನೆಗೆ ಬರಬಹುದು.

ಗೋವೆಯ ಸಾಂಗೆಯ ಕಡೆ ಈ ವಿಷಯ ಈಗ ಬರಿಯ ಹರಟೆಯಾಗಿ ಉಳಿದಿಲ್ಲ. ಸಾಂಗೆ, ರಿವಣ, ಸಾವರ್ಡೆ, ಕುಡಚಡೆಗಳ ಪೇಟೆ ಬಹುಕಾಲ ಅದಿರಿನ ಲಾರಿಗಳ ಹಿಂದೆಯೇ ಓಡಿದ ಪೇಟೆ. 2012ರ ಸೆಪ್ಟೆಂಬರಿನಲ್ಲಿ ಗೋವೆಯ ಗಣಿಗಳು ನಿಂತವು. ಮತ್ತೆ ಆರಂಭವಾಯಿತು ಎನ್ನುವಷ್ಟರಲ್ಲಿ, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು 88 ಗುತ್ತಿಗೆಗಳ ನವೀಕರಣವನ್ನು ರದ್ದುಪಡಿಸಿತು. ಲಾರಿ ನಿಂತರೆ ಟಯರಿನ ಅಂಗಡಿಯೂ ಕಿರಾಣಿಯೂ ಬಟ್ಟೆ ವ್ಯಾಪಾರವೂ ಮಂಕಾಗುತ್ತವೆ. ಓದಿದ ಮಕ್ಕಳು ಗಲ್ಲಾಪೆಟ್ಟಿಗೆಯ ಮುಂದೆ ಕೂರದೆ ಕಂಪ್ಯೂಟರಿನ ಮುಂದೆ ಕುಳಿತರೆ ಅದರಲ್ಲಿ ತಪ್ಪೇನಿದೆ?

ಕಂಪ್ಯೂಟರಿನ ಕೆಲಸಕ್ಕೆ ಊರಿನ ಹಂಗಿಲ್ಲ. ಕಂಪನಿ ಒಂದು ದೇಶದಲ್ಲಿ, ಕೆಲಸಗಾರ ಇನ್ನೊಂದು ದೇಶದಲ್ಲಿ. ಇಂಥವರಿಗಾಗಿಯೇ 2020ರ ಆಗಸ್ಟಿನಲ್ಲಿ ಎಸ್ಟೋನಿಯ ಪ್ರತ್ಯೇಕ ವೀಸಾ ತೆರೆಯಿತು. ಅದೇ ಅಕ್ಟೋಬರಿನಲ್ಲಿ ದುಬೈ ಒಂದು ವರ್ಷದ ವೀಸಾ ಪ್ರಕಟಿಸಿತು. ಮೊದಲು ತಿಂಗಳಿಗೆ 5,000 ಡಾಲರ್ ವರಮಾನ ತೋರಿಸಬೇಕಿತ್ತು, ಮುಂದೆ ಅದು 3,500ಕ್ಕೆ ಇಳಿಯಿತು. ಪೋರ್ಚುಗಲ್ 2022ರ ಅಕ್ಟೋಬರಿನಲ್ಲಿ, ಥಾಯ್ಲೆಂಡ್ 2024ರ ಜುಲೈಯಲ್ಲಿ ಇದೇ ಬಗೆಯ ಬಾಗಿಲು ತೆರೆದವು. ಆದರೆ ಪೋರ್ಚುಗಲ್ ಹೊಸಬರಿಗೆ 2009ರಿಂದ ಕೊಡುತ್ತಿದ್ದ ತೆರಿಗೆಯ ದೊಡ್ಡ ರಿಯಾಯಿತಿಯನ್ನು 2024ರಿಂದ ನಿಲ್ಲಿಸಿಬಿಟ್ಟಿತು. ಥಾಯ್ಲೆಂಡ್ ಕೂಡ ವರ್ಷದಲ್ಲಿ 180 ದಿನ ನೆಲೆಸಿದವರು ಹೊರಗಿನಿಂದ ತರಿಸಿಕೊಳ್ಳುವ ಆದಾಯದ ಮೇಲೆ 2024ರಿಂದ ಕಣ್ಣಿಟ್ಟಿದೆ. ಜಾಹೀರಾತಿನಲ್ಲಿ ವೀಸಾದ ಸುದ್ದಿ ದಪ್ಪಕ್ಷರದಲ್ಲಿರುತ್ತದೆ, ಇದು ಇರುವುದಿಲ್ಲ.

ದುಬೈಯಲ್ಲಿ ಸಂಬಳಕ್ಕೆ ತೆರಿಗೆಯಿಲ್ಲ ಎಂಬುದು ನಿಜ. ಸ್ವಂತ ವ್ಯವಹಾರವಾದರೆ ಪೂರ್ತಿ ನಿಜವಲ್ಲ: ವರ್ಷದ ವಹಿವಾಟು 10 ಲಕ್ಷ ದಿರಹಂ ಮೀರಿದ ವ್ಯಕ್ತಿಯೂ ಅಲ್ಲಿನ ಹೊಸ ಕಾರ್ಪೊರೇಟ್ ತೆರಿಗೆಯ ವ್ಯಾಪ್ತಿಗೆ ಬರುತ್ತಾನೆ.

ಈಗ ಮುಖ್ಯ ಮಾತು. ವೀಸಾ ಬೇರೆ, ತೆರಿಗೆ ಬೇರೆ. ದುಬೈಯ ವೀಸಾ ಕೈಗೆ ಬಂದ ಮಾತ್ರಕ್ಕೆ ನಮ್ಮ ಆದಾಯ ತೆರಿಗೆ ಇಲಾಖೆಯ ಕಣ್ಣಿಗೆ ಮಗ ಅನಿವಾಸಿಯಾಗುವುದಿಲ್ಲ. ಇಲಾಖೆ ಎಣಿಸುವುದು ದಿನಗಳನ್ನು, ಅದೂ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ನೌಕರಿಗಾಗಿ ದೇಶ ಬಿಟ್ಟವನು ಆ ವರ್ಷ ಇಲ್ಲಿ 182 ದಿನ ಇದ್ದರೆ ನಿವಾಸಿ. ಆಗ ಹೊರಗೆ ಗಳಿಸಿದ್ದಕ್ಕೂ ಇಲ್ಲಿ ತೆರಿಗೆ. ಏಪ್ರಿಲ್ 1ರಿಂದ ಎಣಿಸುತ್ತ ಬನ್ನಿ, ಸೆಪ್ಟೆಂಬರ್ 28ಕ್ಕೆ 181 ದಿನ ತುಂಬುತ್ತದೆ. ದೀಪಾವಳಿ ಬರುವುದು ಅದರ ಮೇಲೆ. ಹಬ್ಬ ಮುಗಿಸಿ ಹೊರಟ ಮಗ ಮಾರ್ಚಿನವರೆಗೆ ದುಬೈಯಲ್ಲಿ ಗಳಿಸಿದ್ದೆಲ್ಲವೂ ಇಲ್ಲಿನ ಲೆಕ್ಕಕ್ಕೆ ಸೇರುತ್ತದೆ. ಹೊರಟ ದಿನ, ಬಂದ ದಿನ ಎರಡನ್ನೂ ಎಣಿಸಿಕೊಳ್ಳುವುದು ಕ್ಷೇಮ.

ಈ 182 ದಿನದ ಸೌಲಭ್ಯ "ನೌಕರಿಗಾಗಿ" ಹೋದವರಿಗೆ. ಸ್ವಂತ ಉದ್ಯೋಗವೂ ಇದರಲ್ಲಿ ಸೇರುತ್ತದೆಂದು ಕೇರಳ ಹೈಕೋರ್ಟು 2011ರಲ್ಲಿ ಹೇಳಿದೆ. ಆದರೆ ಬೆಂಗಳೂರಿನ ಹಳೆಯ ಕೆಲಸವನ್ನೇ ಹಿಡಿದುಕೊಂಡು, ಪ್ರವಾಸಿಯಂತೆ ದೇಶ ದೇಶ ಸುತ್ತುವ ಹುಡುಗನ ಮೇಲೆ ಇಲಾಖೆ 60 ದಿನದ ಸಾಮಾನ್ಯ ನಿಯಮ ಹೂಡಿದರೆ ವಾದಿಸುವುದು ಕಷ್ಟ. ಹಿಂದಿನ ನಾಲ್ಕು ವರ್ಷಗಳಲ್ಲಿ 365 ದಿನ ಇಲ್ಲಿದ್ದವನಿಗೆ ಆ 60 ದಿನವೇ ಸಾಕು, ನಿವಾಸಿಯಾಗಲು.

ಮುಂದಿನ ವರ್ಷಗಳಲ್ಲಿ ಊರಿಗೆ ಬಂದು ಹೋಗುವಾಗಲೂ 182 ದಿನದ ಗೆರೆಯೇ. ಆದರೆ ಅಂಗಡಿಯ ಪಾಲು, ಬಾಡಿಗೆ, ಬಡ್ಡಿ ಎಂದು ಇಲ್ಲಿನ ಆದಾಯ 15 ಲಕ್ಷ ಮೀರಿದರೆ, 2020ರ ಹಣಕಾಸು ಕಾಯಿದೆ ಆ ಗೆರೆಯನ್ನು 120 ದಿನಕ್ಕೆ ಎಳೆದಿದೆ. ನಮ್ಮವರಿಗೆ ಇದನ್ನು ನೆನಪಿಡುವುದು ಸುಲಭ, ಚಾತುರ್ಮಾಸದ ನಾಲ್ಕು ತಿಂಗಳು. ಮುನಿಗಳು ಒಂದೇ ಊರಿನಲ್ಲಿ ನಿಲ್ಲುವಷ್ಟು ದಿನ ಮಗ ಮನೆಯಲ್ಲಿ ನಿಂತರೆ ಲೆಕ್ಕ ಬದಲಾಯಿತೆಂದೇ ತಿಳಿಯಿರಿ. ಅದೇ ಕಾಯಿದೆಯ ಇನ್ನೊಂದು ನಿಯಮ ಇನ್ನೂ ಬಿಗಿ. ಇಲ್ಲಿನ ಆದಾಯ 15 ಲಕ್ಷ ಮೀರಿದ ಭಾರತೀಯ ಪ್ರಜೆ ಬೇರಾವ ದೇಶದಲ್ಲೂ ತೆರಿಗೆಗೆ ಒಳಪಡದಿದ್ದರೆ, ಒಂದು ದಿನವೂ ಇಲ್ಲಿ ಇರದಿದ್ದರೂ ನಿವಾಸಿಯೆಂದೇ ಭಾವಿಸಲಾಗುತ್ತದೆ. ಈ ಎರಡೂ ಸಂದರ್ಭಗಳಲ್ಲಿ ಅವನ ದುಬೈ ಸಂಬಳಕ್ಕೆ ಕೈಹಾಕುವುದಿಲ್ಲ; ಆದರೆ ಇಲ್ಲಿಂದ ನಿಯಂತ್ರಿಸುವ ವ್ಯಾಪಾರದ ಲಾಭ ಎಲ್ಲಿ ಹುಟ್ಟಿದರೂ ಇಲ್ಲಿ ತೆರಿಗೆಗೆ ಬರುತ್ತದೆ. ತಂದೆ ಸಾಂಗೆಯಲ್ಲಿ ಕುಳಿತು ನಡೆಸುವ ಗೋಡಂಬಿ ವ್ಯಾಪಾರಕ್ಕೆ ದುಬೈಯಲ್ಲಿ ಗಿರಾಕಿ ಹುಡುಕಿಕೊಟ್ಟು "ಇದು ಪರದೇಶದ ಗಳಿಕೆ" ಎಂದರೆ ನಡೆಯದು. ಅವಿಭಕ್ತ ಕುಟುಂಬದ ಲೆಕ್ಕವಿದ್ದರೂ ಹಾಗೆಯೇ, ಯಜಮಾನಿಕೆಯ ಅಲ್ಪಾಂಶ ಇಲ್ಲಿದ್ದರೂ ಕುಟುಂಬ ನಿವಾಸಿಯೇ. ಹಳೆಯ 1961ರ ಕಾಯಿದೆಗೆ ಬದಲಾಗಿ ಬಂದ, 2026ರ ಏಪ್ರಿಲ್ 1 ಜಾರಿಯ ದಿನವಾಗಿರುವ ಹೊಸ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬೇರೆ, ದಿನಗಳ ಲೆಕ್ಕ ಅದೇ.

ಗೋವೆಗೆ ಮಾತ್ರ ಇನ್ನೊಂದು ವಿಶೇಷವಿದೆ. ಪೋರ್ಚುಗೀಸ್ ನಾಗರಿಕ ಸಂಹಿತೆಗೆ ಒಳಪಟ್ಟ ದಂಪತಿಗಳ ವ್ಯಾಪಾರ, ಬಾಡಿಗೆ, ಬಡ್ಡಿಯ ಆದಾಯ ಗಂಡ ಹೆಂಡತಿಗೆ ಸಮಪಾಲು. ಸಂಬಳ ಮಾತ್ರ ದುಡಿದವರದು. ಆದ್ದರಿಂದ ಮಗನ ಕಾಗದದಲ್ಲಿ "ಸಂಬಳ" ಎಂದಿದೆಯೋ "ಶುಲ್ಕ" ಎಂದಿದೆಯೋ ನೋಡಬೇಕು. ಬೆಳಗಾವಿಯ ಕಡೆಯಿಂದ ಬಂದು ಅಂಗಡಿಯಿಟ್ಟ ಮನೆಗಳು ಈ ಸಂಹಿತೆಗೆ ತಾನಾಗಿ ಒಳಪಡುವುದಿಲ್ಲ. ಪಕ್ಕದ ಮನೆಯವರು ಮಾಡಿದರೆಂದು ನಾವೂ ಲೆಕ್ಕ ಒಡೆದು ಬರೆಯಬಾರದು, ಲೆಕ್ಕಪರಿಶೋಧಕರನ್ನು ಕೇಳಬೇಕು.

ಬ್ಯಾಂಕಿನದು ಬೇರೆಯೇ ಕಾನೂನು. ನೌಕರಿಗೆ ಹೊರಟವನ ಉಳಿತಾಯ ಖಾತೆಯನ್ನು ಅನಿವಾಸಿ ಖಾತೆಯಾಗಿ ಬದಲಿಸಬೇಕು. ಅನಿವಾಸಿಯಾಗಿರುವಷ್ಟು ಕಾಲ ಅವನ ಹೆಸರಿಗೆ ಅಡಿಕೆ ತೋಟವನ್ನಾಗಲಿ ಗೇರು ಬಾಗಾಯತನ್ನಾಗಲಿ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಅಡ್ಡಿಯಿಲ್ಲ. "ದುಬೈ ದುಡ್ಡಿನಲ್ಲಿ ತೋಟ ಮಾಡೋಣ" ಎಂದು ಮುಂಗಡ ಕೊಟ್ಟ ಮೇಲೆ ತಿಳಿದರೆ ಕಷ್ಟ.

ಭಾರತ ಮತ್ತು ಯುಎಇ ನಡುವಿನ ತೆರಿಗೆ ಒಪ್ಪಂದದ ಆಸರೆ ಬೇಕಾದರೆ ಅಲ್ಲಿ ಜನವರಿಯಿಂದ ಡಿಸೆಂಬರಿನೊಳಗೆ 183 ದಿನ ಇದ್ದಿರಬೇಕು. ಅವರ ವರ್ಷವೇ ಬೇರೆ, ನಮ್ಮ ವರ್ಷವೇ ಬೇರೆ. ಹಾಗಾಗಿ ರೋಜಕೀರ್ದಿ ಬರೆದಂತೆ ದಿನಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ, ವಿಮಾನದ ಚೀಟಿ ಎಸೆಯದಿರಲಿ.

ತಾಯಿಯ ಆಸೆಗೂ ದಾರಿಯಿದೆ. ಮಗ ಮೊದಲೇ ಹೊರಟು ಹಬ್ಬಕ್ಕೆ ಮರಳಿ ಬರಬಹುದು. ಆ ದಿನಗಳೂ ಲೆಕ್ಕಕ್ಕೆ ಸೇರುತ್ತವೆ, ಅಷ್ಟೆ. ದೀಪಾವಳಿಗೆ ಹತ್ತು ದಿನ ಮನೆಯಲ್ಲಿರಬೇಕೆಂದರೆ ಸೆಪ್ಟೆಂಬರ್ 18ರೊಳಗೆ ವಿಮಾನ ಹತ್ತಬೇಕು.