ಗಣಕಯಂತ್ರದ ಗಡಿಯಾರ ಮತ್ತು ಬೆಳಗಿನ ಜಾಲದೋಷ

1956ಕ್ಕೆ ಮೊದಲು ಬೀದರ್ ಜಿಲ್ಲೆಗೆ ಸೇರಿದ್ದ ನಾರಾಯಣಖೇಡ ಸೀಮೆಯಲ್ಲಿ ಕನ್ನಡ ವಿದ್ಯಾರ್ಥಿಗಳು ಇಂದಿಗೂ ಎರಡು ರಾಜ್ಯಗಳ ಅರ್ಜಿಗಳನ್ನು ತುಂಬಬೇಕಾಗುತ್ತದೆ. ವಿದ್ಯಾರ್ಥಿವೇತನಕ್ಕೆ ತೆಲಂಗಾಣದ ಇ-ಪಾಸ್, ಮುಂದಿನ ವ್ಯಾಸಂಗಕ್ಕೆ ಬೀದರ್, ಕಲಬುರಗಿಗಳ ಪ್ರವೇಶಪತ್ರ. ಎಲ್ಲದಕ್ಕೂ ಕೊನೆಯ ದಿನಾಂಕವೊಂದಿರುತ್ತದೆ. ಅಂತಹ ದಿನದಂದೇ ಕಾಲೇಜಿನ ಹಳೆಯ ಗಣಕಯಂತ್ರವು ಜಾಲತಾಣವನ್ನು ತೆರೆಯಲು ನಿರಾಕರಿಸಿದರೆ ‘ನೆಟ್ ಇಲ್ಲ’ ಎಂದು ಎಲ್ಲರೂ ಮೋಡೆಮನ್ನು ದೂಷಿಸುತ್ತಾರೆ. ಅದೇ ವೈಫೈಯಲ್ಲಿ ಮೊಬೈಲಿನಿಂದ ಅದೇ ತಾಣ ತೆರೆಯುತ್ತದೆಯೇ ಎಂದು ಮೊದಲು ನೋಡುವುದು ಲೇಸು. ತೆರೆದರೆ ಮೋಡೆಮ್ ನಿರಪರಾಧಿ.

ವಿಂಡೋಸ್ ಯಂತ್ರವು ತನ್ನ ಆಗುಹೋಗುಗಳನ್ನು ‘ಈವೆಂಟ್ ವ್ಯೂವರ್’ ಎಂಬ ದಿನಚರಿಯಲ್ಲಿ ಬರೆದಿಡುತ್ತದೆ. ಅದರ ‘ಸಿಸ್ಟಮ್’ ವಿಭಾಗದಲ್ಲಿ ಪ್ರತಿದಿನ ಯಂತ್ರ ಆರಂಭವಾದೊಡನೆ ‘ಟೈಮ್-ಸರ್ವಿಸ್’ ಹೆಸರಿನಲ್ಲಿ 134 ಸಂಖ್ಯೆಯ ಎಚ್ಚರಿಕೆ ಕಾಣಿಸಬಹುದು. ಸರಿಯಾದ ಸಮಯವನ್ನು ಕೇಳಿ ತಿಳಿಯಬೇಕಾದ ಸರ್ವರಿನ ವಿಳಾಸ ದೊರೆಯಲಿಲ್ಲ ಎಂಬುದು ಅದರ ಅರ್ಥ. ಇದೊಂದೇ ಇದ್ದರೆ ಚಿಂತೆಗೆ ಕಾರಣವಿಲ್ಲ. ಜಾಲಸಂಪರ್ಕ ಸಿದ್ಧವಾಗುವ ಮೊದಲೇ ಸಮಯದ ಸೇವೆ ಎಚ್ಚರಗೊಂಡು ಕರೆದಿದೆ, ಅಷ್ಟೇ. 15 ನಿಮಿಷಗಳ ತರುವಾಯ ಅದು ಮತ್ತೆ ಯತ್ನಿಸುತ್ತದೆ. ಮುಂದೆ 37 ಅಥವಾ 35ನೆಯ ಸಂಖ್ಯೆಯ ದಾಖಲೆ ಬಂದಿದ್ದರೆ ಸಮಯ ದೊರೆಯಿತೆಂದು ತಿಳಿಯಬೇಕು.

ಅದರ ಬದಲು 34 ಬಂದಿದ್ದರೆ ಕತೆ ಬೇರೆ. ಯಂತ್ರದ ಗಡಿಯಾರಕ್ಕೂ ನಿಜವಾದ ಸಮಯಕ್ಕೂ ಇರುವ ಅಂತರ ಮಿತಿಮೀರಿದೆ, ಆದ್ದರಿಂದ ತಿದ್ದಲಾರೆ ಎಂದು ಸೇವೆಯೇ ಕೈಚೆಲ್ಲಿದೆ. ಸ್ವತಂತ್ರ ಯಂತ್ರಗಳಲ್ಲಿ ಈ ಮಿತಿ ಸಾಮಾನ್ಯವಾಗಿ 54,000 ಸೆಕೆಂಡು, ಎಂದರೆ 15 ಗಂಟೆ. ಒಂದು ದಿನ ಹಿಂದೆ ಬಿದ್ದ ಗಡಿಯಾರವೂ ತಾನಾಗಿ ಸರಿಹೋಗದು.

ಗಡಿಯಾರವೇಕೆ ಹಿಂದೆ ಬೀಳುತ್ತದೆ? ಯಂತ್ರದ ಮುಖ್ಯ ಫಲಕದ ಮೇಲೆ ನಾಣ್ಯದಾಕಾರದ ಒಂದು ಸೆಲ್ ಇರುತ್ತದೆ. ಪ್ಲಗ್ ತೆಗೆದಾಗ ಅಥವಾ ಕರೆಂಟು ಹೋದಾಗ ಒಳಗಿನ ಗಡಿಯಾರವನ್ನು ನಡೆಸುವುದು ಅದೇ. ಸಂಜೆ ಗೋಡೆಯ ಸ್ವಿಚ್ಚನ್ನೇ ಆರಿಸಿ ಹೋಗುವ ಶಿಸ್ತಿನ ಕಾಲೇಜುಗಳಲ್ಲಿ ಈ ಸೆಲ್ ರಾತ್ರಿಯಿಡೀ ದುಡಿಯುತ್ತದೆ. ಅದು ಸತ್ತರೆ ಬೆಳಿಗ್ಗೆ ಯಂತ್ರವು ಯಾವುದೋ ಹಳೆಯ ವರ್ಷದಲ್ಲಿ ಕಣ್ಣು ತೆರೆಯುತ್ತದೆ. ಜಾಲತಾಣಗಳ ಪ್ರಮಾಣಪತ್ರಕ್ಕೆ ಆರಂಭ ಮತ್ತು ಅಂತ್ಯದ ದಿನಾಂಕಗಳುಂಟು. ಯಂತ್ರದ ಲೆಕ್ಕದಲ್ಲಿ ಅದು ಇನ್ನೂ ಹುಟ್ಟಿಯೇ ಇರುವುದಿಲ್ಲವಾದ್ದರಿಂದ ಬ್ರೌಸರ್ ಬಾಗಿಲು ಮುಚ್ಚುತ್ತದೆ. ಶಾಸನದಲ್ಲಿ ಶಕವರ್ಷ, ಸಂವತ್ಸರ, ತಿಥಿ, ವಾರಗಳು ಪರಸ್ಪರ ಹೊಂದದಿದ್ದಾಗ ಸಂಶೋಧಕರು ತಡೆದು ನಿಲ್ಲುವುದೂ ಹೀಗೆಯೇ.

ಇಲ್ಲೊಂದು ತೊಡಕಿದೆ. ದಿನಚರಿಯು ತಾನು ಬರೆಯುವ ದಿನಾಂಕವನ್ನೂ ಅದೇ ಕೆಟ್ಟ ಗಡಿಯಾರದಿಂದಲೇ ಪಡೆಯುತ್ತದೆ. ದಾಖಲೆಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಇಂದಿನ ದೋಷವನ್ನು ಹುಡುಕಿದರೆ ಅದು ಸಿಕ್ಕುವುದಿಲ್ಲ. ಹಲವು ವರ್ಷಗಳ ಹಿಂದಿನ ಸಾಲುಗಳ ನಡುವೆ ಅವಿತಿರುತ್ತದೆ. ‘ಕರ್ನಲ್-ಜನರಲ್’ ಹೆಸರಿನ 1ನೆಯ ಸಂಖ್ಯೆಯ ದಾಖಲೆ ಇಂತಹ ಸಂದರ್ಭದಲ್ಲಿ ಬಲವಾದ ಸಾಕ್ಷಿ. ಸಮಯವು ಯಾವುದರಿಂದ ಯಾವುದಕ್ಕೆ ಬದಲಾಯಿತೆಂಬುದನ್ನು ಅದು ತಿಳಿಸುತ್ತದೆ. ದಿನವೂ ಬೆಳಿಗ್ಗೆ ಯಾರಾದರೂ ಕೈಯಿಂದ ದಿನಾಂಕ ತಿದ್ದುತ್ತಿದ್ದರೆ ವರ್ಷಗಳ ಅಂತರದ ಜಿಗಿತಗಳು ಅಲ್ಲಿ ಸಾಲಾಗಿ ಕಾಣುತ್ತವೆ.

ತುರ್ತಿದ್ದಾಗ ದಿನಾಂಕ, ಸಮಯಗಳನ್ನು ಕೈಯಿಂದ ಸರಿಪಡಿಸಿದರೆ ಸಾಕು, ತಾಣ ತೆರೆಯುತ್ತದೆ. ಅರ್ಜಿ ಅಂದೇ ಹೋಗುತ್ತದೆ. ಪ್ಲಗ್ ಕಿತ್ತರೆ ಮರುದಿನ ಮತ್ತದೇ ಪಾಡು. ಶಾಶ್ವತ ಪರಿಹಾರ ಸೆಲ್ ಬದಲಾವಣೆ. ಮೇಜಿನ ಗಣಕಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಸಿ.ಆರ್. 2032, 3 ವೋಲ್ಟಿನದು. 20 ಮಿಲಿಮೀಟರ್ ವ್ಯಾಸ, 3.2 ಮಿಲಿಮೀಟರ್ ದಪ್ಪ ಎಂಬುದೇ ಆ ಹೆಸರಿನ ಗುಟ್ಟು. ಪ್ಲಗ್ ಕಿತ್ತ ಮೇಲೆಯೇ ಪೆಟ್ಟಿಗೆ ತೆರೆಯಬೇಕು. ಹಳೆಯ ಸೆಲ್ಲಿನ ಕೂಡುಚಿಹ್ನೆ ಯಾವ ಕಡೆಗಿತ್ತೆಂದು ನೋಡಿಕೊಂಡು ಹೊಸದನ್ನು ಹಾಗೆಯೇ ಕೂಡಿಸಬೇಕು. ಅನಂತರ ಬಯಾಸ್‌ನಲ್ಲಿ ದಿನಾಂಕ ತುಂಬಿ, ಒಂದು ರಾತ್ರಿ ಪ್ಲಗ್ ತೆಗೆದಿಟ್ಟು, ಬೆಳಿಗ್ಗೆ ಗಡಿಯಾರ ನೋಡಬೇಕು. ಆಗಲೂ ಹಿಂದೆ ಬಿದ್ದಿದ್ದರೆ ದೋಷವು ಮುಖ್ಯ ಫಲಕದಲ್ಲಿರುವ ಸಂಭವ ಹೆಚ್ಚು. ಆ ಕೆಲಸ ದುರಸ್ತಿಗಾರರದು.