ಮರೆವಿನ ಕಾಯಿಲೆಗೆ ಮನೆಯ ರೂಢಿ: ತಪ್ಪು ಕಲ್ಪನೆ ಮತ್ತು ಸತ್ಯ

ಡಿಮೆನ್ಷಿಯಾ ಎಂಬುದು ಒಂದೇ ರೋಗದ ಹೆಸರಲ್ಲ. ನೆನಪು, ಮಾತು, ವಿವೇಚನೆ, ದಿಕ್ಕಿನ ಅರಿವು ಕ್ರಮೇಣ ಕುಂದಿ, ಬೇರೆಯವರ ಆಸರೆಯಿಲ್ಲದೆ ದಿನ ಸಾಗದಂತಾಗುವ ಸ್ಥಿತಿ ಅದು. ಅದಕ್ಕೆ ಕಾರಣವಾಗುವ ರೋಗಗಳಲ್ಲಿ ಅಲ್ಝೈಮರ್ ಎಲ್ಲಕ್ಕಿಂತ ದೊಡ್ಡದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಈ ಸ್ಥಿತಿಯಲ್ಲಿದ್ದಾರೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಪ್ರಮಾಣ ಹೆಚ್ಚು. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಇಂಥವರ ಆರೈಕೆ ನಡೆಯುವುದು ಬಹುಪಾಲು ಮನೆಯೊಳಗೆ, ಮಗಳು ಅಥವಾ ಸೊಸೆಯ ಕೈಯಲ್ಲಿ. ಆ ಕೈಗೆ ಸುಲಭವಾಗಿ ಸಿಗುವುದು ಊರಿನ ಹಬ್ಬ, ಹಾಡು, ಅಡುಗೆ, ಪೂಜೆ. ಇವುಗಳಿಂದ ಏನೂ ಆಗದು ಎನ್ನುವವರೂ ಇದ್ದಾರೆ, ಎಲ್ಲವೂ ವಾಸಿಯಾಗುತ್ತದೆ ಎನ್ನುವವರೂ ಇದ್ದಾರೆ. ಎರಡೂ ತಪ್ಪು.

“ಅರವತ್ತಕ್ಕ ಅರಳುಮರಳು, ಇದಕ್ಕ ದವಾಖಾನಿ ಯಾಕ?”

ಮುಪ್ಪಿನಲ್ಲಿ ಒಂದು ಹೆಸರು ತಟ್ಟನೆ ಹೊಳೆಯದಿರುವುದು ಸಹಜ. ದಿನವೂ ಓಡಾಡಿದ ಓಣಿಯಲ್ಲಿ ದಾರಿ ತಪ್ಪುವುದು, ಊಟ ಮಾಡಿ ಕೈ ತೊಳೆದ ಮೇಲೂ ಊಟ ಹಾಕಲಿಲ್ಲವೆಂದು ಜಗಳಕ್ಕೆ ಬರುವುದು ಸಹಜವಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಬಿದ್ದ ಪೆಟ್ಟಿನಿಂದ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ ಇವೂ ಮರೆವನ್ನು ತರುತ್ತವೆ, ಇವಕ್ಕೆ ಚಿಕಿತ್ಸೆ ಇದೆ. ಒಂದೆರಡು ದಿನದಲ್ಲೇ ಮಾತು ತೊದಲಿ ಗೊಂದಲ ಏರಿದರೆ ಅದನ್ನು ಗಾಳಿ ಸೋಂಕೆಂದೋ ದೇವಿಯ ಕಾಡಾಟವೆಂದೋ ತಿಳಿದು ಕಾಯುವುದು ಅಪಾಯ. ಅದು ಪಾರ್ಶ್ವವಾಯು ಆಗಿರಬಹುದು, ಮೂತ್ರದ ಸೋಂಕೂ ಆಗಿರಬಹುದು. ಈ ತಾಲ್ಲೂಕುಗಳವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವಲ್ಲ. ಸಲಹೆಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಹಿರಿಯ ನಾಗರಿಕರ ಸಹಾಯವಾಣಿ 14567 ಇವೆ. ತಪಾಸಣೆ ಮೊದಲು, ಹರಕೆ ಆಮೇಲೆ.

“ನೆನಪ ಇಲ್ಲಂದ ಮ್ಯಾಲ ಅವರಿಗೆ ಹಬ್ಬ ಯಾತಕ್ಕ?”

ನೆನಪು ಒಂದೇ ಕೋಣೆಯಲ್ಲಿ ಕೂಡಿಟ್ಟ ಸರಕಲ್ಲ. ಅಲ್ಝೈಮರ್ ಮೊದಲು ಕೆಡಿಸುವುದು ಹೊಸ ಸಂಗತಿಯನ್ನು ಹಿಡಿದಿಡುವ ಭಾಗವನ್ನು. ಬೆಳಗಿನ ಮಾತು ಮಧ್ಯಾಹ್ನಕ್ಕೆ ಇಲ್ಲವಾಗುವುದು ಅದರಿಂದಲೇ. ಹರೆಯದ ನೆನಪು ಬಹಳ ಕಾಲ ಉಳಿಯುತ್ತದೆ. ಇಂದು 80ರ ಆಸುಪಾಸಿನಲ್ಲಿರುವವರಿಗೆ ಅದು ಹೆಚ್ಚುಕಡಿಮೆ 1955ರಿಂದ 1975ರ ನಡುವಿನ ಕಾಲ: ಬಿ. ಸರೋಜಾದೇವಿ ಅವರ ‘ಕಿತ್ತೂರು ಚೆನ್ನಮ್ಮ’ ಚಿತ್ರ ಬಂದ ಕಾಲ, ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದ ಕಾಲ, ಬೈಲಹೊಂಗಲದ ಪೇಟೆಗೆ ಚಕ್ಕಡಿಗಳಲ್ಲಿ ಹತ್ತಿ ಬರುತ್ತಿದ್ದ ಕಾಲ. ನಿನ್ನೆಯದನ್ನು ಕೇಳಿದರೆ ತಡವರಿಸುವ ಅಜ್ಜ, ಚಕ್ಕಡಿಯ ಮಾತು ತೆಗೆದರೆ ಎತ್ತಿನ ಹೆಸರನ್ನೂ ಹೇಳಬಲ್ಲ.

ಕೈಯ ರೂಢಿ ಇನ್ನೂ ಆಳದ್ದು. ರೊಟ್ಟಿ ಬಡಿಯುವುದು, ಮೊರದಲ್ಲಿ ಜೋಳ ಹಸನು ಮಾಡುವುದು, ಹತ್ತಿಯ ಬತ್ತಿ ಹೊಸೆಯುವುದು, ಹಣೆಗೆ ವಿಭೂತಿ ಎಳೆದುಕೊಳ್ಳುವುದು ಇವೆಲ್ಲ ಮಿದುಳಿನ ಬೇರೆ ದಾರಿಯಲ್ಲಿ ಕೂಡಿರುವ ಕಲಿಕೆಗಳು. ಮಾತು ಸೋತ ಮೇಲೂ ಇವು ಉಳಿಯಬಹುದು. ರಾಮದುರ್ಗದ ಮುದಿ ನೇಕಾರನಿಗೆ ಸೀರೆಯ ಅಂಚಿನ ಹೆಸರು ಮರೆತರೂ ಕಂಡಿಕೆ ಸುತ್ತುವ ಬೆರಳಿಗೆ ಮರೆವು ತಡವಾಗಿ ಬರುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಒಂದು ಮುದ್ದೆ ಜಿಗುಟು ಮಣ್ಣನ್ನು ಹಳೆಯ ಒಕ್ಕಲಿಗನ ಮುಂದಿಟ್ಟರೆ ಕೋಡು, ಹಿಣಿಲು ತಾವಾಗಿ ಮೂಡಬಹುದು. ಎತ್ತು ವಕ್ರವಾದರೂ ತಿದ್ದಬೇಕಾಗಿಲ್ಲ. “ವಯಸ್ಸಾದವರು, ಸುಮ್ಮ ಕುಂದರ್ರಿ” ಎಂದು ಎಲ್ಲ ಕೆಲಸ ಕಸಿಯುವುದು ಪ್ರೀತಿಯಿಂದಲೇ ಆದರೂ ಅದರಿಂದ ಹಾನಿಯೇ ಹೆಚ್ಚು. ಉರಿಯುವ ಒಲೆ, ಈಳಿಗೆ, ಹಚ್ಚಿದ ದೀಪದ ಬಳಿ ಮಾತ್ರ ಒಬ್ಬರು ಜೊತೆಗಿರಬೇಕು.

ಹಾಡಿನ ವಿಷಯವೂ ಹೀಗೆಯೇ. ಬಹುಕಾಲದ ಹಾಡುಗಳ ನೆನಪಿಗೆ ಬೇಕಾದ ಮಿದುಳಿನ ಕೆಲವು ಭಾಗಗಳು ಅಲ್ಝೈಮರ್‌ನಲ್ಲಿ ತಡವಾಗಿ ಸವೆಯುತ್ತವೆಂದು 2015ರ ಒಂದು ಅಧ್ಯಯನ ತೋರಿಸಿದೆ. ಬೀಸುವ ಪದ, ತೊಟ್ಟಿಲ ಪದ, ಸೋಬಾನ, ಶಿಶುನಾಳ ಶರೀಫಜ್ಜನ ತತ್ವಪದ, ಭಜನೆಯ ತಾಳ ಇವುಗಳಲ್ಲಿ ಆಯಾ ವ್ಯಕ್ತಿ ಚಿಕ್ಕಂದಿನಿಂದ ಹಾಡಿದ್ದು ಯಾವುದೋ ಅದು ಮುಖ್ಯ. ಮೊಬೈಲಿನಲ್ಲಿ ಹಚ್ಚಿಟ್ಟು ಹೋಗುವುದಕ್ಕಿಂತ ಪಕ್ಕದಲ್ಲಿ ಕೂತು ತಪ್ಪುತಪ್ಪಾಗಿಯಾದರೂ ದನಿಗೂಡಿಸುವುದು ಮೇಲು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅನೇಕರಿಗೆ ತಳಮಳ ಏರುತ್ತದೆ, “ಮನಿಗೆ ಹೊಂಟೆ” ಎಂದು ಎದ್ದು ನಿಲ್ಲುತ್ತಾರೆ. ಕತ್ತಲಾಗುವ ಮುನ್ನವೇ ಮನೆಯ ಎಲ್ಲ ಲೈಟು ಹಾಕಿ, ದಿನವೂ ಅದೇ ಹೊತ್ತಿಗೆ ಅದೇ ಪದ ಹಾಡುವುದು ಇಲ್ಲಿ ನೆರವಾಗಬಲ್ಲದು. ವರ್ಷಕ್ಕೊಮ್ಮೆಯ ಹಬ್ಬಕ್ಕಿಂತ ಈ ನಿತ್ಯದ ರೂಢಿಯೇ ಹೆಚ್ಚು ಕೆಲಸ ಮಾಡುತ್ತದೆ.

ಊದಿನಕಡ್ಡಿಯದೋ ಹೋಳಿಗೆಯದೋ ವಾಸನೆ ಬಂದರೆ ಸಾಕು, ನೆನಪು ಮರಳುತ್ತದೆ ಎಂಬ ಮಾತಿದೆ. ಆದರೆ ಅಲ್ಝೈಮರ್‌ನಲ್ಲಿ ವಾಸನೆಯ ಶಕ್ತಿ ಬಹುಬೇಗ ಕುಂದುವವುಗಳಲ್ಲಿ ಒಂದು. ಮುಟ್ಟುವುದನ್ನೂ ಕೇಳುವುದನ್ನೂ ಹೆಚ್ಚು ನೆಚ್ಚಬೇಕು.

“ಗುಡ್ಡಕ್ಕ ಕರಕೊಂಡ ಹೋದ್ರ ಆರಾಮ ಆಗ್ತೈತಿ”

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭರತ ಹುಣ್ಣಿಮೆಯಲ್ಲಿ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಲಕ್ಷಾಂತರ ಜನ ಬರುತ್ತಾರೆ. ಉಧೋ ಉಧೋ ಎಂಬ ಕೂಗು, ಎರಚುವ ಭಂಡಾರ (ಅರಿಶಿನ ಪುಡಿ), ಸರದಿಯ ನೂಕಾಟ ಇವನ್ನು ವಿಂಗಡಿಸಿ ಅರ್ಥಮಾಡಿಕೊಳ್ಳುವ ಶಕ್ತಿ ಕುಂದಿದ ಮನಸ್ಸಿಗೆ ಆ ಜಾತ್ರೆ ದರ್ಶನವಾಗಿ ಉಳಿಯುವುದಿಲ್ಲ, ಭಯವಾಗುತ್ತದೆ. ಕೈ ಬಿಟ್ಟುಹೋದರೆ ತನ್ನ ಹೆಸರು, ಊರು ಹೇಳಲಾಗದವರು ಅವರು. ಗೊಡಚಿಯ ವೀರಭದ್ರನ ಜಾತ್ರೆಗೂ, ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವದ ಧ್ವನಿವರ್ಧಕಗಳಿಗೂ ಇದೇ ಮಾತು ಸಲ್ಲುತ್ತದೆ. ಜನ ವಿರಳವಾಗಿರುವ ದಿನ, ಮುಂಜಾನೆ, ಕಿಸೆಯಲ್ಲಿ ವಿಳಾಸ ಮತ್ತು ಫೋನ್ ನಂಬರಿನ ಚೀಟಿ ಇಟ್ಟು ಕರೆದೊಯ್ಯಬಹುದು. ಅದೂ ಆಗದಿದ್ದರೆ ಮನೆಯಲ್ಲೇ ಯಲ್ಲಮ್ಮನ ಪರಡಿ (ನೈವೇದ್ಯದ ಬುಟ್ಟಿ) ತುಂಬಿ ಅವರ ಹಣೆಗೆ ಭಂಡಾರ ಹಚ್ಚಿದರೆ ಆಚರಣೆಗೆ ಏನೂ ಕೊರತೆಯಾಗದು.

ಹಾಗಾದರೆ ಹಬ್ಬ, ಹಾಡು, ಪೂಜೆಯಿಂದ ರೋಗ ವಾಸಿಯಾಗುವುದೇ? ಇಲ್ಲ. ಅಲ್ಝೈಮರ್‌ಗೆ ಗುಣಪಡಿಸುವ ಔಷಧಿಯೂ ಇನ್ನೂ ಇಲ್ಲ. ಹಾಡು ಮತ್ತು ಹಳೆಯ ನೆನಪಿನ ಮಾತುಕತೆಯಿಂದ ಕೆಲವರಲ್ಲಿ ಖಿನ್ನತೆ ಇಳಿದು ಮನಸ್ಸು ಸ್ವಲ್ಪ ಹಗುರಾಗುವುದು ಅಧ್ಯಯನಗಳಲ್ಲಿ ಕಂಡಿದೆ. ಲಾಭ ಚಿಕ್ಕದು, ಎಲ್ಲರಿಗೂ ಒಂದೇ ಸಮನಲ್ಲ. ದಿನವಿಡೀ ಜೊತೆಗಿರುವವರಿಗೆ ಅಷ್ಟು ಚಿಕ್ಕದೂ ಬಹಳ ದೊಡ್ಡದು.

“ತಪ್ಪ ಹೇಳಿದ್ರ ತಿದ್ದಬೇಕು, ಸುಮ್ಮನಿರಬಾರದು”

ನಾಗರ ಪಂಚಮಿ ಹತ್ತಿರ ಬಂದರೆ ಎಂಬತ್ತರ ಮುದುಕಿ ಬಾಗಿಲಲ್ಲಿ ನಿಂತು, ಅಣ್ಣ ತವರಿಗೆ ಕರೆಯಲು ಬರುತ್ತಾನೆಂದು ದಾರಿ ಕಾಯಬಹುದು. “ಮಾಮಾ ತೀರಿಹೋಗಿ ಮೂವತ್ತ ವರ್ಷ ಆತು” ಎಂದು ಹೇಳಿದರೆ ಆ ಸಾವು ಅವಳಿಗೆ ಅಂದೇ ಆದಂತೆ. ಅತ್ತು ಮರೆತು, ನಾಳೆ ಮತ್ತೆ ಕೇಳುತ್ತಾಳೆ, ಮತ್ತೆ ಅಳುತ್ತಾಳೆ. ಅವಳು ಕೇಳುತ್ತಿರುವುದು ಸುದ್ದಿಯನ್ನಲ್ಲ, ತವರಿನ ಅಕ್ಕರೆಯನ್ನು. “ನಿಮ್ಮ ತವರಮನ್ಯಾಗ ಜೋಕಾಲಿ ಎಲ್ಲಿ ಕಟ್ಟತಿದ್ರವ್ವಾ?” ಎಂಬ ಪ್ರಶ್ನೆಯಲ್ಲಿ ಸುಳ್ಳೂ ಇಲ್ಲ, ನೋವೂ ಇಲ್ಲ. ಮಲಪ್ರಭೆಯ ಹಿನ್ನೀರಿನಲ್ಲಿ ಮುಳುಗಿದ ಊರಿನವರು “ನಮ್ಮೂರಿಗೆ ಬಿಡ್ರಿ” ಎಂದು ಹಟ ಹಿಡಿದಾಗಲೂ ದಾರಿ ಇದೇ: ಆ ಊರಿನ ಬಾವಿ, ಗುಡಿ, ಹೊಲದ ಮಾತಿಗೆ ಅವರನ್ನು ಕರೆದೊಯ್ಯುವುದು.

ಬಂದ ನೆಂಟರೆಲ್ಲ “ನಾ ಯಾರ ಹೇಳ ನೋಡೂಣು” ಎಂದು ಪರೀಕ್ಷೆ ಮಾಡುವುದರಿಂದ ನೆನಪು ಚುರುಕಾಗುವುದಿಲ್ಲ, ಅವಮಾನವಷ್ಟೇ ಆಗುತ್ತದೆ. “ಆಯೀ, ನಾ ನಿನ್ನ ಮೊಮ್ಮಗ ಬಂದೇನಿ, ಬನ್ನಿ ತಂದೇನಿ” ಎಂದು ತಾನೇ ಹೆಸರು ಹೇಳಿ, ದಸರೆಯ ಬನ್ನಿಯನ್ನು ಕೈಗಿಟ್ಟರೆ ಉಳಿದದ್ದನ್ನು ಕೈಯೇ ಮಾಡುತ್ತದೆ.

“ನಮ್ಮ ಸಂಪ್ರದಾಯ ಎಲ್ಲಾರಿಗೂ ಹಿತ”

ಈ ನಂಬಿಕೆ ಎಲ್ಲಕ್ಕಿಂತ ಕಡಿಮೆ ಚರ್ಚೆಯಾದದ್ದು. ದೇವದಾಸಿ ಅರ್ಪಣೆಯನ್ನು ನಿಷೇಧಿಸಿದ 1982ರ ಕರ್ನಾಟಕದ ಕಾಯ್ದೆಗೆ ಮುನ್ನ, ಎಳೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಂಗಸಿಗೆ ಯಲ್ಲಮ್ಮನ ಪದಗಳಿಗೆ ನುಡಿಸುವ ಚೌಡಕಿಯ ನಾದ ಭಕ್ತಿಯನ್ನೂ ತಂದೀತು, ಹಳೆಯ ಸಂಕಟವನ್ನೂ ಕೆದಕೀತು. ಹರೆಯದಲ್ಲೇ ವಿಧವೆಯಾಗಿ ಅರಿಶಿನ-ಕುಂಕುಮದ ಸಾಲಿನಿಂದ ದೂರ ನಿಂತವಳಿಗೆ ಉಡಿ ತುಂಬುವ ಶಾಸ್ತ್ರ ನೋಡುವುದೇ ನೋವಾದೀತು. ಹಳ್ಳಿಯ ಮುಸ್ಲಿಂ ಅಜ್ಜನಿಗೆ ಮೊಹರಂನ ರಿವಾಯತ್ ಪದ ಹತ್ತಿರದ್ದು. ಎಷ್ಟೋ ಊರುಗಳಲ್ಲಿ ಅದನ್ನು ಹಾಡಿದ ಲಿಂಗಾಯತರಿಗೂ ಅದು ಹತ್ತಿರದ್ದೇ. ಆದ್ದರಿಂದ ಜಾತಿಯಿಂದ ಊಹಿಸಬಾರದು, ಆ ವ್ಯಕ್ತಿ ಬಾಳಿದ ಬಾಳನ್ನು ಬಲ್ಲವರಿಂದ ಕೇಳಿ ತಿಳಿಯಬೇಕು. ಮುಖ ಬಿಗಿದರೆ, ಕೈ ಹಿಂದೆಳೆದುಕೊಂಡರೆ, ಉಸಿರು ಜೋರಾದರೆ ಅಲ್ಲಿಗೇ ನಿಲ್ಲಿಸಬೇಕು.

“ಕಡೀ ಹಂತದಾಗ ಏನೂ ತಿಳಿಯೂದಿಲ್ಲ”

ಹಾಸಿಗೆ ಹಿಡಿದು ಮಾತು ನಿಂತ ಮೇಲೂ ಪರಿಚಿತ ದನಿಗೆ, ಸ್ಪರ್ಶಕ್ಕೆ ಸ್ಪಂದನೆ ಉಳಿದಿರುವುದುಂಟು. ಎಣ್ಣೆ ಹಚ್ಚಿ ಕಾಲು ನೀವುತ್ತ ಪದ ಹೇಳಬಹುದು. ಎಚ್ಚರ ಬೇಕಾದದ್ದು ಹಬ್ಬದ ಊಟದಲ್ಲಿ. ಈ ಹಂತದಲ್ಲಿ ನುಂಗುವ ಶಕ್ತಿ ಸೋತಿರುತ್ತದೆ, ತಂಬಿಟ್ಟು, ಅರಳು, ಶೇಂಗಾ ಉಂಡೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ತುಸು ಹೋಳಿಗೆಯ ಹೂರಣವನ್ನು ಹಾಲಿನಲ್ಲಿ ನುಣ್ಣಗೆ ಕಲಸಿ, ಬೆನ್ನು ನೆಟ್ಟಗೆ ಆಗುವಂತೆ ಕೂರಿಸಿ, ಸಣ್ಣ ಚಮಚದಲ್ಲಿ ನಿಧಾನವಾಗಿ ಕೊಡಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ರುಚಿಗಷ್ಟೇ. ನುಂಗುವಾಗ ಕೆಮ್ಮು ಬಂದರೆ, ದನಿ ನೀರುನೀರಾದರೆ ತಿನ್ನಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.